ಕಾಲಿನ ಡಾಪ್ಲರ್ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೂ ಪೂರ್ತಿ ಓದಿ

ಕಾಲು ಊದಿಕೊಂಡು, ರಕ್ತನಾಳಗಳನ್ನು ಅಲ್ಟ್ರಾಸೌಂಡ್‌ನಿಂದ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದವರು ವರದಿಯ ಕೊನೆಯ ಸಾಲನ್ನಷ್ಟೇ ನಂಬಿ ಸುಮ್ಮನಾಗಬಾರದು. ಪಾದದ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನನ್ನ ತಂದೆಯವರಿಗೆ, ಅದನ್ನು ಬಿಚ್ಚಿದ ಮೇಲೆ ಮೀನಖಂಡ ಬಿಗಿದು ನೋಯತೊಡಗಿತು. ಇನ್ನೊಂದು ಕಾಲಿಗಿಂತ ಅದು ದಪ್ಪವಾಗಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು. ಸ್ಕ್ಯಾನಿಂಗ್ ಕೇಂದ್ರದವರು ತೊಡೆಸಂದಿಯಲ್ಲೂ ಮಂಡಿಯ ಹಿಂಭಾಗದಲ್ಲೂ ಪ್ರೋಬ್ ಒತ್ತಿ ನೋಡಿ, ರಕ್ತ ಹೆಪ್ಪುಗಟ್ಟಿಲ್ಲವೆಂದು ಬರೆದುಕೊಟ್ಟರು. ನೋಯುತ್ತಿದ್ದ ಮೀನಖಂಡವನ್ನು ಮುಟ್ಟಲೇ ಇಲ್ಲ. ವೈದ್ಯರು ಸ್ನಾಯು ನೋವೆಂದು ಮುಲಾಮು ಬರೆದರು. ಮುಂದಿನ ವಾರ ಮೆಟ್ಟಿಲು ಹತ್ತುವಾಗ ತಂದೆಯವರು ಉಸಿರು ಕಟ್ಟಿ ಕುಸಿದರು. ಹೆಪ್ಪು ಶ್ವಾಸಕೋಶದ ರಕ್ತನಾಳಕ್ಕೆ ಸೇರಿರುವುದು ಸಿ.ಟಿ. ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧ ಕೊಟ್ಟು ಉಳಿಸಿಕೊಂಡರು.

ಈ ಪರೀಕ್ಷೆಯ ತಿರುಳು ಸರಳವಾದದ್ದು. ಆರೋಗ್ಯವಾಗಿರುವ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಪ್ರೋಬ್‌ನಿಂದ ಒತ್ತಿದೊಡನೆ ಚಪ್ಪಟೆಯಾಗುತ್ತದೆ, ಒಳಗೆ ಹೆಪ್ಪಿದ್ದರೆ ಆಗುವುದಿಲ್ಲ. ತೊಡೆಸಂದಿ ಮತ್ತು ಮಂಡಿ ಎರಡನ್ನೇ ನೋಡುವುದೂ ಒಪ್ಪಿತ ಪದ್ಧತಿಯೇ. ಆದರೆ ಸಂಶಯ ಬಲವಾಗಿದ್ದಾಗ, ಸುಮಾರು ಒಂದು ವಾರದೊಳಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕೆಂಬ ಷರತ್ತು ಆ ಪದ್ಧತಿಯಲ್ಲೇ ಸೇರಿದೆ, ಏಕೆಂದರೆ ಮೀನಖಂಡದಲ್ಲಿ ಹುಟ್ಟಿದ ಹೆಪ್ಪು ಅಷ್ಟರಲ್ಲಿ ಮಂಡಿಯನ್ನು ದಾಟಿ ಮೇಲಕ್ಕೆ ಬೆಳೆದಿರಬಹುದು. ನಮಗೆ ಆ ಷರತ್ತನ್ನು ಯಾರೂ ಹೇಳಲಿಲ್ಲ. ವರದಿಯಲ್ಲಿ ತಪ್ಪಿಲ್ಲವೆಂದು ಕೇಂದ್ರದವರು ಈಗಲೂ ವಾದಿಸುತ್ತಾರೆ. ಅವರು ನೋಡಿದ ಎರಡು ಜಾಗಗಳ ಮಟ್ಟಿಗೆ ಅದು ನಿಜವೇ ಇರಬಹುದು.

ಆದುದರಿಂದ ಮೀನಖಂಡದ ಅಭಿಧಮನಿಗಳನ್ನು ನೋಡಿದ್ದಾರೆಯೇ ಎಂಬುದನ್ನು ವರದಿಯಲ್ಲಿ ಹುಡುಕಿ. ಆ ಮಾತಿಲ್ಲದಿದ್ದರೆ, ಮರುಪರೀಕ್ಷೆ ಯಾವಾಗ ಎಂದು ವೈದ್ಯರನ್ನು ನೇರವಾಗಿ ಕೇಳಿ. ಚೀಟಿಯಲ್ಲಿ ಬರಿಯ ‘ಡಾಪ್ಲರ್’ ಎಂದಿದ್ದರೆ ಅಪಧಮನಿಗಳನ್ನಷ್ಟೇ (ಹೃದಯದಿಂದ ರಕ್ತ ಒಯ್ಯುವ ನಾಳಗಳನ್ನು) ಪರೀಕ್ಷಿಸಿ ಕಳಿಸುವ ಸಾಧ್ಯತೆಯೂ ಇರುವುದರಿಂದ, ‘ವೀನಸ್ ಡಾಪ್ಲರ್’ (ಅಭಿಧಮನಿಗಳ ಡಾಪ್ಲರ್) ಎಂದೇ ಬರೆಸಿಕೊಳ್ಳುವುದು ಒಳ್ಳೆಯದು. ತೊಡೆಯೂ ಸೇರಿ ಇಡೀ ಕಾಲು ಊದಿದ್ದರೆ ಹೆಪ್ಪು ಕಿಬ್ಬೊಟ್ಟೆಯೊಳಗಿನ ಅಭಿಧಮನಿಯಲ್ಲಿರಬಹುದು. ಕರುಳಿನ ಗಾಳಿ ಅಡ್ಡ ಬರುವುದರಿಂದ ಅಲ್ಟ್ರಾಸೌಂಡ್‌ಗೆ ಆ ಭಾಗ ಚೆನ್ನಾಗಿ ಕಾಣುವುದಿಲ್ಲ. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ತುಣುಕುಗಳನ್ನು ಅಳೆಯುವ ಡಿ-ಡೈಮರ್ ರಕ್ತಪರೀಕ್ಷೆ ಸಂಶಯ ಕಡಿಮೆಯಿದ್ದಾಗ ನೆರವಾಗುತ್ತದೆ, ಆದರೆ ಮೂಳೆ ಮುರಿದವರಲ್ಲಿ, ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ ಹೆಪ್ಪಿಲ್ಲದೆಯೂ ಅದರ ಪ್ರಮಾಣ ಏರಿರಬಹುದು.

ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ, ಕಾಲಿನ ಸ್ಕ್ಯಾನ್‌ಗೆ ಸರದಿ ಕಾಯದೆ ಸಿ.ಟಿ. ಸೌಲಭ್ಯವಿರುವ ಆಸ್ಪತ್ರೆಯ ತುರ್ತು ಘಟಕಕ್ಕೆ ಹೋಗಿ, ಹಳೆಯ ವರದಿಯನ್ನೂ ಕೊಂಡೊಯ್ಯಿರಿ.