ಹ್ಯಾಂಡಲ್ ಲಾಕ್ ಹಿಡಿದುಕೊಂಡರೆ ಗಾಡಿ ಕೊಟ್ಟು ಮನೆಗೆ ಬರಬೇಡಿ

ಕೊಡಗಿನಲ್ಲಿ ಹಳೇ ಬೈಕ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆಗಾಲ ಕಳೆದ ಮೇಲೆ ಹ್ಯಾಂಡಲ್ ಲಾಕ್ ಹಿಡಿದುಕೊಳ್ಳುವುದು ನಮ್ಮ ಕಡೆ ಮಾಮೂಲಿ. ಅದನ್ನು ಬಿಡಿಸಿಕೊಡುತ್ತೇನೆ ಅಂತ ಬಂದವನು ನನಗೆ ಮಾಡಿದ ಮೋಸ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಗಾಡಿ ಅಪ್ಪನದು. ಹೀರೋ ಹೋಂಡಾ ಸಿಡಿ 100, 1992ರದ್ದು, ಕೆಎ 12 ನಂಬರು. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಆಗಿದ್ದಾಗ ತೆಗೆದುಕೊಂಡಿದ್ದು. ಈಗ ಅವರಿಗೆ ಮಂಡಿ ನೋವು, ನಾನೇ ಓಡಿಸುತ್ತೇನೆ, ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗಿ ಬರಲು. ಜೂನ್‌ನಲ್ಲಿ ಮಳೆ ಹಿಡಿದಾಗ ಲಾಕ್ ಹಾಕಿ ಶೆಡ್‌ನಲ್ಲಿ ನಿಲ್ಲಿಸಿದ್ದೆ. ಸೆಪ್ಟೆಂಬರ್‌ನಲ್ಲಿ ನಮ್ಮ ಕೈಲ್ ಮುಹೂರ್ತ ಹಬ್ಬ ಮುಗಿದ ಮಾರನೇ ವಾರ ತೆಗೆಯಲು ಹೋದರೆ ಕೀ ಒಳಗೆ ಹೋಗುತ್ತೆ, ತಿರುಗಲ್ಲ. ಆ ಶೆಡ್‌ಗೆ ಒಂದು ಕಡೆಯಿಂದ ಎರಚಲು ಹೊಡೆಯುತ್ತೆ, ಲಾಕ್ ಬಾಯಿಯ ಮುಚ್ಚಳವೂ ಯಾವತ್ತೋ ಬಿದ್ದುಹೋಗಿತ್ತು. ಮೂರು ತಿಂಗಳು ನೀರು ಕುಡಿದಿದೆ ಪಾಪ.

ಅಪ್ಪ ಅಂದರು, "ಎಣ್ಣೆ ಬಿಟ್ಟು ಎರಡು ದಿನ ಹಾಗೇ ಇರಲಿ ಮಗಳೇ, ಅದೇ ಬಿಡುತ್ತೆ." ನಾನು ಕೇಳಲಿಲ್ಲ. ನನಗೆ ರಜೆ ಇದ್ದಿದ್ದು ಒಂದೇ ದಿನ. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ.

ಅವನು ಪಿಕಪ್ ತಂದ. ನೋಡಿದ ತಕ್ಷಣ, "ಐದು ನಿಮಿಷದ ಕೆಲಸ ಅಕ್ಕ, ಆದ್ರೆ ಇಲ್ಲಿ ಆಗಲ್ಲ, ಶಾಪಿಗೇ ಹೋಗ್ಬೇಕು" ಅಂದ. ಐದು ನಿಮಿಷದ ಕೆಲಸಕ್ಕೆ ಶಾಪ್ ಯಾಕೆ ಅಂತ ಕೇಳಬೇಕಿತ್ತು, ಅಲ್ವಾ? ಕೇಳಿದೆ ಕೂಡ. "ನಿಮಗೆ ಗೊತ್ತಾಗಲ್ಲ ಅಕ್ಕ" ಅಂದ. ನಾನು ಸುಮ್ಮನಾದೆ. ಆ ಒಂದು ಮಾತಿಗೆ ಯಾಕೆ ಸುಮ್ಮನಾದೆ ಅಂತ ದಿನಾ ಅನ್ನಿಸುತ್ತೆ.

ಸಾಯಂಕಾಲ ಫೋನ್ ಬಂತು. ಲಾಕ್ ಪೂರ್ತಿ ಹೋಗಿದೆ, ಹೊಸದೇ ಹಾಕಬೇಕು, ಹಳೇ ಗಾಡಿದು ಇಲ್ಲಿ ಸಿಗಲ್ಲ, ಮೈಸೂರಿಂದ ತರಿಸಬೇಕು. ಆಯ್ತು ಅಂದೆ. ಎರಡು ದಿನ ಬಿಟ್ಟು ಗಾಡಿ ಬಂತು, ಜೊತೆಗೆ ಒಂದು ಚೀಟಿ. ಲಾಕ್ 1,400, ಕೂಲಿ 900, ಪಿಕಪ್ 500. ಒಟ್ಟು 2,800 ರೂಪಾಯಿ. ಸರಿಯಾದ ಬಿಲ್ ಇಲ್ಲ. ಮಳೆ ಬರುತ್ತಿತ್ತು, ಕತ್ತಲಾಗಿತ್ತು. ಅವನು ಕೀ ಹಾಕಿ ತಿರುಗಿಸಿ ತೋರಿಸಿದ, ಹ್ಯಾಂಡಲ್ ಆ ಕಡೆ ಈ ಕಡೆ ಆಡಿಸಿ ತೋರಿಸಿದ. "ನಿಮ್ಮ ಹಳೇ ಕೀಗೇ ಹೊಂದಿಸಿಕೊಟ್ಟಿದ್ದೀನಿ ಅಕ್ಕ, ಎರಡೆರಡು ಕೀ ತಾಪತ್ರಯ ಬೇಡ ಅಂತ." ನಾನು ಥ್ಯಾಂಕ್ಸ್ ಹೇಳಿದೆ! ಹೊಸ ಲಾಕ್‌ಗೆ ಮೂವತ್ತು ವರ್ಷದ ಸವೆದ ಕೀ ಹೇಗೆ ಹಿಡಿಸುತ್ತೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ, ಥ್ಯಾಂಕ್ಸ್ ಹೇಳಿ ದುಡ್ಡು ಎಣಿಸಿ ಕೊಟ್ಟೆ.

ಶುಕ್ರವಾರ ಮಡಿಕೇರಿ ಸಂತೆಗೆ ಹೋದೆ. ಗಾಡಿ ನಿಲ್ಲಿಸಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ, ಲಾಕ್ ಹಾಕಿದೆ, ಕೀ ತಿರುಗಿತು, ತೆಗೆದು ಬ್ಯಾಗಿಗೆ ಹಾಕಿಕೊಂಡೆ. ತರಕಾರಿ ತಗೊಂಡು ಬಂದು ನೋಡಿದರೆ ಹ್ಯಾಂಡಲ್ ನೇರವಾಗಿದೆ. ಪಕ್ಕದ ಸ್ಕೂಟರ್ ತೆಗೆಯಲು ಯಾರೋ ಸರಿಸಿದ್ದಾರೆ. ಲಾಕ್ ಹಾಕಿದ ಗಾಡಿ! ಮತ್ತೆ ಹಾಕಿದೆ, ಮತ್ತೆ ಹ್ಯಾಂಡಲ್ ಆರಾಮಾಗಿ ತಿರುಗಿತು. ನಾಲ್ಕು ಸಲ ಮಾಡಿ ನೋಡಿದೆ. ಕೀ ತಿರುಗುತ್ತೆ ಅಷ್ಟೇ, ಹ್ಯಾಂಡಲ್ ಹಿಡಿದು ನಿಲ್ಲಿಸುವ ಪಿನ್ ಒಳಗಿಂದ ಬರುವುದೇ ಇಲ್ಲ. ಸಂತೆ ಜನರ ಮಧ್ಯೆ ನಿಂತು ನನಗೆ ಅಳು ಬಂತು.

ಇದಕ್ಕಿಂತ ದೊಡ್ಡದು ವಾಪಸ್ ಬರುವಾಗ ಆಯಿತು. ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ಒಮ್ಮೆ ಟಕ್ ಅಂತ ಹಿಡಿದು ಬಿಟ್ಟಿತು. ಅದೇ ಬೋಯಿಕೇರಿ ಇಳಿಜಾರಿನ ತಿರುವಿನಲ್ಲಿ, ಎದುರಿಗೆ ಬಸ್ ಬರುವಾಗ ಹಿಡಿದಿದ್ದರೆ? ಅಲ್ಲಿಂದ ಮನೆವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬಂದೆ.

ಮಾರನೇ ದಿನ ನಮ್ಮ ಕಡೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮನೆಗೇ ಬಂದು, ನನ್ನ ಎದುರಿಗೇ ಬಿಚ್ಚಿದರು. ಹೊಸ ಲಾಕ್ ಹಾಕಿಯೇ ಇಲ್ಲ. ಅದೇ ಹಳೇ ಲಾಕ್. ಪೈಪ್ ಕೊಟ್ಟು ಹ್ಯಾಂಡಲ್ ಜಗ್ಗಿ ಪಿನ್ ಮುರಿದಿದ್ದಾರೆ, ಮುರಿದ ತುಂಡು ಒಳಗೇ ಆಡುತ್ತಿತ್ತು. ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗ್, ಅಂದರೆ ಕೋನ್ ಸೆಟ್‌ನ ಬಟ್ಟಲಲ್ಲಿ ಗುಂಡುಗಳು ಕೂತ ಕಡೆ ಗುಳಿ ಬಿದ್ದಿದೆ. ಉಳಿ ಇಟ್ಟು ಹೊಡೆಯುವಾಗ ಜಾರಿ, ಪಕ್ಕದಲ್ಲೇ ಕೊರೆದಿರುವ ಚಾಸಿಸ್ ನಂಬರಿನ ಕೊನೆಯ ಎರಡು ಅಂಕಿ ಮೇಲೆ ಗೀರಾಗಿದೆ. ನಮ್ಮ ಗಾಡಿಯ ಆರ್‌ಸಿ 2027ಕ್ಕೆ ಮತ್ತೆ ರಿನ್ಯೂವಲ್‌ಗೆ ಬರುತ್ತೆ. ಆರ್‌ಟಿಓದಲ್ಲಿ ಅವರು ಮೊದಲು ನೋಡುವುದೇ ಆ ನಂಬರು. ಯಾರಿಗೆ ಏನಂತ ಹೇಳಲಿ?

ಹೊಟ್ಟೆ ಉರಿಯುವ ವಿಷಯ ಕೇಳಿ. ಪಿನ್ ಮುರಿದ ಮೇಲೆ ಎಣ್ಣೆ ಸ್ಪ್ರೇ ಹೊಡೆದಿದ್ದಾರೆ, ಲಾಕ್ ಬಿಟ್ಟುಕೊಂಡಿದೆ, ಅದಕ್ಕೇ ಹಳೇ ಕೀ ತಿರುಗಿದ್ದು. ಮೊದಲೇ ಎಣ್ಣೆ ಬಿಟ್ಟಿದ್ದರೆ ಸಾಕಿತ್ತು. ಅಪ್ಪ ಹೇಳಿದ್ದೂ ಅದನ್ನೇ.

ಫೋನ್ ಮಾಡಿದೆ. ಮೊದಲು, "ಹೊಸದೇ ಹಾಕಿದ್ದು ಅಕ್ಕ, ಸರಿಯಾಗಿ ನೋಡಿ." ಬಿಚ್ಚಿದ ಫೋಟೋ ಕಳಿಸಿದೆ. ಅದಕ್ಕೆ, "ನೀವು ಬೇರೆಯವರ ಹತ್ತಿರ ಬಿಚ್ಚಿಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ." ನನ್ನ 1,400 ವಾಪಸ್ ಕೊಡಿ ಅಂದೆ. "ಈ ಗಾಡಿನ ಯಾರು ಕದೀತಾರೆ, ಲಾಕ್ ಯಾಕೆ ನಿಮಗೆ?" ಹೀಗೆ ಹೇಳಿ ನಕ್ಕ. ನಿಜವಾಗಿ ನಕ್ಕ. ಆಮೇಲೆ, "ಮನೇಲಿ ಗಂಡಸರಿದ್ರೆ ಫೋನ್ ಕೊಡಿ." ಅಷ್ಟಕ್ಕೇ ಕಟ್ ಮಾಡಿದೆ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಆದರೆ ಕೈಯಲ್ಲಿ ಇರುವುದು ಹೆಸರು, ಸೀಲು ಏನೂ ಇಲ್ಲದ ಆ ಚೀಟಿ ಒಂದೇ.

ಆ ಹಿರಿಯರು ಹೇಳಿದ್ದನ್ನು ಹಾಗೇ ಹೇಳುತ್ತೇನೆ. ಲಾಕ್ ಒಳಗೆ ತೆಳ್ಳನೆ ತಗಡಿನ ತುಂಡುಗಳು, ಸಣ್ಣ ಸ್ಪ್ರಿಂಗ್‌ಗಳು ಇರುತ್ತವೆ. ನೀರು, ಧೂಳು ಸೇರಿ ಅವು ಅಂಟಿಕೊಳ್ಳುತ್ತವೆ. ಕೀ ರಂಧ್ರಕ್ಕೆ ಡಬ್ಲ್ಯೂಡಿ 40 ಥರದ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹೊಡೆಯಿರಿ. ಕೀ ಮೆಲ್ಲಗೆ ಒಳಗೆ ಹೊರಗೆ ಆಡಿಸಿ. ಹ್ಯಾಂಡಲ್‌ನ ಒತ್ತಡ ಪಿನ್ ಮೇಲೆ ಕೂತಿದ್ದರೂ ಕೀ ತಿರುಗಲ್ಲ, ಹಾಗಾಗಿ ಒಂದು ಕೈಯಲ್ಲಿ ಹ್ಯಾಂಡಲ್ ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ. ಕಟಿಂಗ್ ಪ್ಲೇಯರ್ ಹಾಕಿ ಕೀ ತಿರುಚಬೇಡಿ, ಒಳಗೇ ಮುರಿಯುತ್ತೆ. ಏನು ಮಾಡಿದರೂ ಬಿಡದಿದ್ದರೆ ಲಾಕ್‌ನ ಮಧ್ಯಕ್ಕೆ ಸಣ್ಣ ಡ್ರಿಲ್ ಬಿಟ್ ಹಾಕಿ ಕೊರೆದು ತೆಗೆಯಬೇಕು, ಅದನ್ನೂ ನಿಮ್ಮ ಎದುರಿಗೇ ಮಾಡಲಿ. ಹಳೇ ಲಾಕ್ ಕೈಗೆ ಕೊಡಲು ಹೇಳಿ. ಲಾಕ್ ಹಾಕಿ ಹ್ಯಾಂಡಲ್ ಜಗ್ಗಿ ನೋಡದೆ ಒಂದು ರೂಪಾಯಿ ಕೊಡಬೇಡಿ. "ನಿಮಗೆ ಗೊತ್ತಾಗಲ್ಲ" ಅನ್ನುವವನಿಗಂತೂ ಗಾಡಿ ಮುಟ್ಟಲೂ ಬಿಡಬೇಡಿ.

ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ಲಾಕ್ ಸರಿ ಆಯ್ತಾ ಅಂತ ಕೇಳಿದರು, ಹೂಂ ಅಂದೆ. ಸಿಡಿ 100ರ ಹಳೇ ಹ್ಯಾಂಡಲ್ ಲಾಕ್, ಕೀ ಸಮೇತ, ಕುಶಾಲನಗರ ಸೋಮವಾರಪೇಟೆ ಕಡೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ನಾನೇ ಬಂದು ನೋಡಿ, ಹಾಕಿ ತೆಗೆದು, ಆಮೇಲೆ ದುಡ್ಡು ಕೊಟ್ಟು ತಗೊಂಡು ಹೋಗುತ್ತೇನೆ.