ಗಾಲ್ಫ್ ಜಿಟಿಐ ಪರ್ಫಾರ್ಮೆನ್ಸ್, ಗಾಲ್ಫ್ ಆರ್: ಎರಡನ್ನೂ ಓಡಿಸಿ ಜಿಟಿಐ ಯಾಕೆ ತಗೊಂಡೆ

ಮೊದಲೇ ಹೇಳಿಬಿಡುತ್ತೇನೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಎರಡು ವೇಗದ ರೂಪಗಳು ಜಿಟಿಐ ಪರ್ಫಾರ್ಮೆನ್ಸ್ (ಎಳೆಯುವುದು ಮುಂದಿನ ಚಕ್ರಗಳು ಮಾತ್ರ) ಮತ್ತು ಆರ್ (ನಾಲ್ಕೂ ಚಕ್ರಗಳಿಗೆ ಬಲ ಹೋಗುತ್ತದೆ). ಎರಡನ್ನೂ ಓಡಿಸಿ ನೋಡಿ ನಾನು ತಗೊಂಡಿದ್ದು ಜಿಟಿಐ ಪರ್ಫಾರ್ಮೆನ್ಸ್, ಅದೂ ಮ್ಯಾನುಯಲ್ ಗೇರ್‌ನದು. ಗಾಲ್ಫ್ ಆರ್ ಅದಕ್ಕಿಂತ ವೇಗದ ಕಾರು, ಅದರಲ್ಲಿ ವಾದವೇ ಇಲ್ಲ. ಆದರೂ ಇವತ್ತಿನವರೆಗೆ ಒಮ್ಮೆಯೂ ‘ಆರ್ ತಗೋಬೇಕಿತ್ತು’ ಅಂತ ನನಗೆ ಅನ್ನಿಸಿಲ್ಲ. ಈ ಎರಡರ ನಡುವೆ ಯಾವುದು ಅಂತ ತೀರ್ಮಾನಕ್ಕೆ ಬರಲಾಗದೆ ಕೂತವರು ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಏಳನೇ ತಲೆಮಾರಿನ ಗಾಲ್ಫ್ ಬಗ್ಗೆ, 2017ರಲ್ಲಿ ಫೇಸ್‌ಲಿಫ್ಟ್ (ಸಣ್ಣಪುಟ್ಟ ನವೀಕರಣ) ಆದಮೇಲಿನದು. ಎರಡೂ ಸೆಕೆಂಡ್ ಹ್ಯಾಂಡ್ ಕಾರುಗಳು. ಎಂಟನೇ ತಲೆಮಾರನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದರಲ್ಲಿ ಏಸಿಯ ಬಿಸಿ ತಂಪು, ಹಾಡಿನ ಸದ್ದು ಎಲ್ಲವನ್ನೂ ಬೆರಳಿನಿಂದ ಸವರಿ ಬದಲಿಸಬೇಕು. ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗುವ, ತಿರುಗಿಸುವ ನಾಬ್ ನನಗೆ ಬೇಕು.

ಎಂಜಿನ್ ಅಂಕಿಅಂಶ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಬೇಗ ಮುಗಿಸುತ್ತೇನೆ. ಎರಡರಲ್ಲೂ ಇರುವುದು ಒಂದೇ ಕುಟುಂಬದ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಆರ್‌ನಲ್ಲಿ ಟರ್ಬೊ ದೊಡ್ಡದು, ಸಿಲಿಂಡರ್ ಹೆಡ್ ಬೇರೆ. ಜಿಟಿಐ ಪರ್ಫಾರ್ಮೆನ್ಸ್‌ಗೆ 245 ಪಿಎಸ್ (ಎಂಜಿನ್ ಶಕ್ತಿಯ ಅಳತೆ), ಆರ್‌ಗೆ 310 ಪಿಎಸ್. ಯುರೋಪಿನಲ್ಲಿ 2018ರಿಂದ ಪೆಟ್ರೋಲ್ ಎಂಜಿನ್‌ಗೂ ಹೊಗೆಯ ಕಣ ತಡೆಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಬಂದಾಗ ಆರ್‌ನದು 300ಕ್ಕೆ ಇಳಿಯಿತು. ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಆರ್ ಸೊನ್ನೆಯಿಂದ 100 ಕಿಲೋಮೀಟರ್ ವೇಗಕ್ಕೆ 4.6 ಸೆಕೆಂಡಿನಲ್ಲಿ ಹೋಗುತ್ತದೆ. ಜಿಟಿಐಗೆ ಆರು ಸೆಕೆಂಡಿನ ಮೇಲೆ ಬೇಕು.

ಆ ಒಂದೂವರೆ ಸೆಕೆಂಡು ಹೇಗಿರುತ್ತದೆ ಅಂತ ಓಡಿಸಿದವರಿಗೇ ಗೊತ್ತು. ನಿಂತ ಜಾಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರ್‌ನಲ್ಲಿ ಚಕ್ರ ಜಾರುವುದಿಲ್ಲ, ಮುಂಭಾಗ ಎಳೆದಾಡುವುದಿಲ್ಲ. ಕಾರು ಸುಮ್ನೆ ಮುಂದಕ್ಕೆ ನುಗ್ಗಿಬಿಡುತ್ತದೆ. ಮಳೆ ಬಿದ್ದ ರಸ್ತೆಯಲ್ಲೂ ಅಷ್ಟೇ. ಜಿಟಿಐನಲ್ಲಿ ಅದೇ ರಸ್ತೆಯಲ್ಲಿ ಅದೇ ರೀತಿ ಒತ್ತಿದರೆ ಮುಂದಿನ ಚಕ್ರಗಳು ಗಿರಗಿರ ತಿರುಗುತ್ತವೆ, ಸ್ಟೀರಿಂಗ್ ವೀಲ್ ಹಿಂದಿನ ಮೀಟರ್‌ನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗುತ್ತದೆ. ಒಂದು, ಎರಡನೇ ಗೇರ್‌ನಲ್ಲಿ ಕಾಲಿನ ಹಿಡಿತ ಬೇಕೇ ಬೇಕು.

ಆದರೆ ನಾನು ದಿನಾ ಹೇಗೆ ಓಡಿಸುತ್ತೇನೆ ಅನ್ನುವುದು ಮುಖ್ಯ ಅಲ್ವಾ? ನಿಂತ ಜಾಗದಿಂದ ಪೂರ್ತಿ ಒತ್ತಿ ಹೊರಡುವ ಸಂದರ್ಭ ನನಗೆ ಬರುವುದೇ ಅಪರೂಪ. ನನಗೆ ಖುಷಿ ಕೊಡುವುದು ಬೆಳಗಿನ ಜಾವ, ಟ್ರಾಫಿಕ್ ಇಲ್ಲದ ಬೆಟ್ಟದ ರಸ್ತೆ. ಎರಡನೇ ಗೇರ್, ಮೂರನೇ ಗೇರ್, ಮತ್ತೆ ಎರಡನೇ ಗೇರ್. ಅಲ್ಲಿ ಎರಡು ಕಾರುಗಳ ಗುಣ ಬೇರೆ ಬೇರೆಯಾಗಿ ಕಾಣುತ್ತದೆ.

ಪರ್ಫಾರ್ಮೆನ್ಸ್ ಜಿಟಿಐನಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ಎಲೆಕ್ಟ್ರಾನಿಕ್ ಆಗಿ ಹತೋಟಿ ಮಾಡುವ ಡಿಫರೆನ್ಷಿಯಲ್ ಲಾಕ್ ಇದೆ. ಒಳಗೆ ಹಲವು ಪ್ಲೇಟ್‌ಗಳ ಒಂದು ಕ್ಲಚ್. ತಿರುವಿನಲ್ಲಿ ಒಳಗಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಜಾರಲು ಶುರು ಮಾಡುವ ಹೊತ್ತಿಗೆ ಈ ಕ್ಲಚ್ ಬಿಗಿಯಾಗಿ ಬಲವನ್ನು ಹೊರಗಿನ ಚಕ್ರಕ್ಕೆ ಕಳಿಸುತ್ತದೆ. ಸಾಮಾನ್ಯವಾಗಿ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಗೆ ಸರಿಯುತ್ತದೆ. ಇದರಲ್ಲಿ ಉಲ್ಟಾ. ಒತ್ತಿದಷ್ಟೂ ಮೂತಿ ಒಳಕ್ಕೇ ಬರುತ್ತದೆ. ಮೊದಲ ಸಲ ನಂಬಿಕೆ ಬರುವುದಿಲ್ಲ. ಅಭ್ಯಾಸವಾದ ಮೇಲೆ ಬೇರೆ ಮುಂಚಕ್ರದ ಕಾರು ಓಡಿಸಲು ಬೇಜಾರಾಗುತ್ತದೆ.

ಆರ್‌ನಲ್ಲಿ ಈ ಲಾಕ್ ಇಲ್ಲ. ಅಲ್ಲಿ ಒಳಗಿನ ಚಕ್ರವನ್ನು ತಡೆಯುವುದು ಬ್ರೇಕ್. ಅದರ ನಾಲ್ಕು ಚಕ್ರದ ವ್ಯವಸ್ಥೆ ಮುಂದಿನಿಂದ ಹಿಂದಕ್ಕೆ ಬಲ ಕಳಿಸುತ್ತದೆ, ನಿಜ. ಆದರೆ ಈ ತಲೆಮಾರಿನಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಬಲವನ್ನು ಬೇಕಾದ ಹಾಗೆ ಹಂಚುವ ಸೌಲಭ್ಯ ಇಲ್ಲ. ಅದು ಬಂದಿದ್ದು ಎಂಟನೇ ತಲೆಮಾರಿನ ಆರ್‌ಗೆ. ಹಾಗಾಗಿ ಏಳನೆಯದು ತಿರುವಿನಲ್ಲಿ ಗಟ್ಟಿಯಾಗಿ ನೆಲ ಹಿಡಿಯುತ್ತದೆ, ಭದ್ರ ಅನ್ನಿಸುತ್ತದೆ, ಆದರೆ ಆಟವಾಡುವುದಿಲ್ಲ. ಸುಮಾರು 100 ಕಿಲೋ ಹೆಚ್ಚಿನ ತೂಕವೂ ಬ್ರೇಕ್ ಹಾಕಿ ತಿರುಗಿಸುವಾಗ ಗೊತ್ತಾಗುತ್ತದೆ. ಆರ್ ನನ್ನ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ಜಿಟಿಐ ನನ್ನಿಂದ ಮಾಡಿಸುತ್ತದೆ. ನನಗೆ ಎರಡನೆಯದು ಇಷ್ಟ.

ಈಗ ಟೈರ್ ವಿಷಯಕ್ಕೆ ಬರುತ್ತೇನೆ. ನನ್ನ ತೀರ್ಮಾನ ನಿಜವಾಗಿ ಗಟ್ಟಿಯಾಗಿದ್ದು ಇಲ್ಲೇ. ಹೋಲಿಕೆಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ, ಅದಕ್ಕೇ ನಾನು ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ನೋಡಲು ಹೋದ ಒಂದು ಆರ್ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಬಣ್ಣ ಚೆನ್ನಾಗಿತ್ತು, ಸರ್ವಿಸ್ ಪುಸ್ತಕ ಇತ್ತು, ಒಳಗೆ ಹೊಸದರ ಹಾಗೇ ಇತ್ತು. ಬಗ್ಗಿ ಟೈರ್ ನೋಡಿದೆ. ಮುಂದೆ ಹೊಸ ಜೋಡಿ, ಹಿಂದೆ ಬೇರೆ ಕಂಪನಿಯ ಅರ್ಧ ಸವೆದ ಜೋಡಿ. ‘ಮುಂದಿನದು ಸವೆದಿತ್ತು, ಬದಲಾಯಿಸಿದೆವು’ ಅಂದರು ಮಾರುವವರು. ಜಿಟಿಐ ಆಗಿದ್ದರೆ ಆ ಉತ್ತರ ಸಾಕಿತ್ತು. ಆರ್‌ಗೆ ಸಾಲದು.

ಯಾಕೆ ಅಂತ ಹೇಳುತ್ತೇನೆ. ಹೊಸ ಟೈರ್‌ನಲ್ಲಿ ಸುಮಾರು 8 ಮಿಲಿಮೀಟರ್ ಆಳದ ಗೀರುಗಳು (ಟ್ರೆಡ್) ಇರುತ್ತವೆ. ಒಂದು ಜೋಡಿ ಇನ್ನೊಂದಕ್ಕಿಂತ 3 ಮಿಲಿಮೀಟರ್ ಜಾಸ್ತಿ ಸವೆದಿದ್ದರೆ ಆ ಚಕ್ರದ ಸುತ್ತಳತೆ ಸುಮಾರು ಶೇಕಡಾ 1ರಷ್ಟು ಕಡಿಮೆ. 19 ಇಂಚಿನ ಟೈರ್‌ನ ಸುತ್ತಳತೆ ಸುಮಾರು 2 ಮೀಟರ್. ಲೆಕ್ಕ ಹಾಕಿದರೆ ಸವೆದ ಜೋಡಿ ಪ್ರತಿ ಕಿಲೋಮೀಟರ್‌ಗೆ ನಾಲ್ಕೈದು ಸುತ್ತು ಜಾಸ್ತಿ ಹಾಕಬೇಕು. ನೇರ ರಸ್ತೆಯಲ್ಲೂ ಮುಂದಿನ ಆಕ್ಸಲ್ ಒಂದು ವೇಗ, ಹಿಂದಿನದು ಇನ್ನೊಂದು ವೇಗ. ಈ ಎರಡರ ನಡುವೆ ಇರುವುದು ಹಾಲ್ಡೆಕ್ಸ್ ಕ್ಲಚ್, ಅಂದರೆ ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಭಾಗ. ಅದು ಯಾವಾಗಲೂ ಪೂರ್ತಿ ಬಿಗಿಯಾಗಿರುವುದಿಲ್ಲ, ಆದ್ದರಿಂದ ಮರುದಿನವೇ ಏನೂ ಮುರಿದು ಬೀಳುವುದಿಲ್ಲ. ಆದರೆ ಬಿಗಿಯಾದಾಗಲೆಲ್ಲ ಆ ವ್ಯತ್ಯಾಸವನ್ನು ಅದೇ ಜಾರಿ ಜಾರಿ ಸರಿದೂಗಿಸಬೇಕು. ಬಿಸಿಯಾಗುತ್ತದೆ, ಆಯಿಲ್ ಬೇಗ ಕೆಡುತ್ತದೆ, ಪ್ಲೇಟ್ ಸವೆಯುತ್ತದೆ. ಹಿಂದಿನ ಮಾಲೀಕರು ಹಾಗೆ ಎಷ್ಟು ದೂರ ಓಡಿಸಿದ್ದಾರೆ ಅಂತ ತಿಳಿಯುವ ದಾರಿಯೇ ಇಲ್ಲ.

ಇದು ಇನ್ನೊಬ್ಬರ ಕಾರಿನ ಕಥೆ ಮಾತ್ರ ಅಲ್ಲ. ನಾಳೆ ನನ್ನದೇ ಕಾರಾದಾಗ ಏನಾಗುತ್ತದೆ ಅಂತ ಯೋಚಿಸಿದೆ. ನಾಲ್ಕೂ ಟೈರ್ ಅರ್ಧ ಸವೆದಿವೆ ಅಂದುಕೊಳ್ಳಿ. ಒಂದು ಗುಂಡಿಗೆ ಬಿದ್ದು ಒಂದರ ಪಕ್ಕ ಹರಿಯಿತು. ಪಕ್ಕ ಹರಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರ್ ಎಸೆಯಲೇಬೇಕು. ಜಿಟಿಐನಲ್ಲಿ ಅದೇ ಆಕ್ಸಲ್‌ಗೆ ಒಂದು ಜೋಡಿ ಹಾಕಿಸಿದರೆ ಆಯಿತು. ಎಡಬಲ ಒಂದೇ ಥರ ಇರಬೇಕು, ಅದರಲ್ಲೂ ಮುಂದೆ ಆ ಲಾಕ್ ಇರುವುದರಿಂದ ಕಟ್ಟುನಿಟ್ಟಾಗಿ ಇರಬೇಕು, ಅಷ್ಟೇ. ಆರ್‌ನಲ್ಲಿ ಸರಿಯಾಗಿ ಮಾಡಬೇಕೆಂದರೆ ನಾಲ್ಕೂ ಹೊಸದು. ಒಂದು ಕಲ್ಲಿನ ಏಟಿಗೆ ನಾಲ್ಕು ಟೈರ್‌ನ ಬಿಲ್. ಅದೂ ದೊಡ್ಡ ಅಳತೆಯ, ಒಳ್ಳೆ ಕಂಪನಿಯ ಟೈರ್.

ಏಟು ಬೀಳುವ ಸಾಧ್ಯತೆಯೂ ಜಾಸ್ತಿ. ನಾನು ನೋಡಿದ ಆರ್‌ಗಳು ಹೆಚ್ಚಾಗಿ 19 ಇಂಚಿನ ಚಕ್ರದವು, 235/35 ಟೈರ್. ಅದರ ಪಕ್ಕದ ಎತ್ತರ 82 ಮಿಲಿಮೀಟರ್. ನನ್ನ ಜಿಟಿಐನ 18 ಇಂಚಿನ 225/40 ಟೈರ್‌ಗೆ 90 ಮಿಲಿಮೀಟರ್. 8 ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಗುಂಡಿಯ ಅಂಚಿಗೆ ರಿಮ್ ತಾಗುತ್ತದೋ ಇಲ್ಲವೋ ಅನ್ನುವುದು ಕೆಲವು ಸಲ ಅಷ್ಟರಲ್ಲೇ ಇರುತ್ತದೆ. ಒಂದೇ ಕೆಟ್ಟ ರಸ್ತೆಯಲ್ಲಿ ಎರಡನ್ನೂ ಓಡಿಸಿದೆ. 19 ಇಂಚಿನ ಆರ್‌ನಲ್ಲಿ ಪ್ರತಿ ಬಿರುಕೂ ಬೆನ್ನಿಗೆ ಗೊತ್ತಾಗುತ್ತಿತ್ತು. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅನ್ನು ಮೆತ್ತನೆಯ ಕಂಫರ್ಟ್‌ಗೆ ಹಾಕಿದರೂ ಆ ಚಿಕ್ಕ ಕುಟುಕು ಹೋಗುವುದಿಲ್ಲ. ಯಾಕೆಂದರೆ ಅದು ಬರುವುದು ಟೈರ್‌ನಿಂದ, ಸಸ್ಪೆನ್ಷನ್‌ನಿಂದ ಅಲ್ಲ.

ಆರ್‌ಗೂ 18 ಇಂಚು ಹಾಕಿಕೊಳ್ಳಬಹುದಲ್ಲ ಅಂತ ಕೇಳಬಹುದು. ಹಾಕಬಹುದು, ಹಾಕಿದರೆ ಒಳ್ಳೆಯದೇ. ಕುಟುಕು ಕಡಿಮೆಯಾಗುತ್ತದೆ, ರಿಮ್ ಉಳಿಯುತ್ತದೆ. ಆದರೆ ನಾಲ್ಕೂ ಒಂದೇ ಥರ ಇರಬೇಕೆನ್ನುವ ನಿಯಮ ಹಾಗೇ ಇರುತ್ತದೆ. ಅದಕ್ಕೆ ಪರಿಹಾರ ಅಂದರೆ ಕಾಲಕಾಲಕ್ಕೆ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ನಾಲ್ಕೂ ಒಟ್ಟಿಗೆ ಸವೆಯುವಂತೆ ನೋಡಿಕೊಳ್ಳುವುದು. ಶಿಸ್ತಾಗಿ ಮಾಡುವವರಿಗೆ ತೊಂದರೆ ಇಲ್ಲ. ಆದರೆ ಆ ಶಿಸ್ತು ಗುಂಡಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಜಿಟಿಐನಲ್ಲಿ ಮುಂದಿನ ಟೈರ್ ಬೇಗ ಸವೆಯುತ್ತದೆ. ಎಳೆಯುವುದೂ ಅದೇ, ತಿರುಗುವುದೂ ಅದೇ, ಬ್ರೇಕ್‌ನ ಹೆಚ್ಚಿನ ಭಾರವೂ ಅದರ ಮೇಲೇ. ಆ ಖರ್ಚು ಇದ್ದೇ ಇದೆ. ಆದರೆ ಅದು ಮುಂಚೆಯೇ ಗೊತ್ತಿರುವ ಖರ್ಚು, ಎರಡೆರಡಾಗಿ ಬರುತ್ತದೆ.

ಡಿಕ್ಕಿ: ಜಿಟಿಐಗೆ 380 ಲೀಟರ್, ಆರ್‌ಗೆ 343. ಹಿಂದಿನ ಚಕ್ರಗಳಿಗೆ ಬಲ ಕೊಡುವ ಸಾಮಾನು ಕೆಳಗೆ ಕೂತಿರುವುದರಿಂದ ನೆಲ ಮೇಲೆ ಬಂದಿದೆ. ದೊಡ್ಡ ಸೂಟ್‌ಕೇಸ್ ನಿಲ್ಲಿಸಲು ಹೋದಾಗ ವ್ಯತ್ಯಾಸ ಕಾಣುತ್ತದೆ.

ಪೆಟ್ರೋಲ್ ಟ್ಯಾಂಕ್ ಆರ್‌ನದು 55 ಲೀಟರ್, ಜಿಟಿಐನದು 50. ಆರ್ ಜಾಸ್ತಿ ಕುಡಿಯುವುದರಿಂದ ಆ 5 ಲೀಟರ್ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ.

ಸದ್ದು: ಎರಡರಲ್ಲೂ ವಿಂಡ್‌ಸ್ಕ್ರೀನ್ ಕೆಳಗೆ ಕೂರಿಸಿದ ಸಾಧನವೊಂದು ಎಂಜಿನ್ ಸದ್ದನ್ನು ಒಳಗೆ ಹೆಚ್ಚಿಸುತ್ತದೆ. ನನಗೆ ಎರಡರಲ್ಲೂ ಇಷ್ಟವಾಗಲಿಲ್ಲ. ಹೊರಗೆ ನಿಂತು ಕೇಳಿದರೆ ನಾಲ್ಕು ಕೊಳವೆಯ ಆರ್ ಗೆಲ್ಲುತ್ತದೆ.

ಸೀಟು: ಜಿಟಿಐನ ಚೌಕಳಿ ಬಟ್ಟೆಯ ಸೀಟು ನನಗೆ ಬಹಳ ಇಷ್ಟ. 1976ರ ಮೊದಲ ಜಿಟಿಐನಿಂದಲೂ ಬಂದ ವಿನ್ಯಾಸ ಅದು. ಮ್ಯಾನುಯಲ್‌ನಲ್ಲಿ ಗೇರ್ ಹಿಡಿ ಗಾಲ್ಫ್ ಚೆಂಡಿನ ಆಕಾರದಲ್ಲಿದೆ, ಅದೂ ಅಂದಿನಿಂದ ಬಂದದ್ದೇ. ಬೇಸಿಗೆಯಲ್ಲಿ ಚರ್ಮದ ಸೀಟಿಗಿಂತ ಬಟ್ಟೆಯದೇ ವಾಸಿ. ಆರ್‌ನ ಒಳಭಾಗ ಗಂಭೀರವಾಗಿದೆ, ಚೊಕ್ಕವಾಗಿದೆ, ಆದರೆ ಕೂತ ತಕ್ಷಣ ಮುಖದಲ್ಲಿ ನಗು ಬರಿಸುವುದಿಲ್ಲ.

ಸರ್ವಿಸ್‌ನಲ್ಲಿ ಆರ್‌ಗೆ ಒಂದು ಕೆಲಸ ಹೆಚ್ಚು. ಹಾಲ್ಡೆಕ್ಸ್ ಆಯಿಲ್ ಅನ್ನು 3 ವರ್ಷಕ್ಕೊಮ್ಮೆ ಬದಲಿಸಬೇಕು. ಬರೀ ಆಯಿಲ್ ಬದಲಿಸಿದರೆ ಸಾಲದು, ಪಂಪ್ ಬಿಚ್ಚಿ ಅದರ ಜಾಲರಿಯನ್ನೂ ತೊಳೆಯಬೇಕು. ಜಾಲರಿ ಕಟ್ಟಿಕೊಂಡರೆ ಪಂಪ್ ಕೆಡುತ್ತದೆ. ಆಮೇಲೆ ನಿಮ್ಮ ಆರ್ ಸದ್ದಿಲ್ಲದೆ ಬರೀ ಮುಂಚಕ್ರದ ಕಾರಾಗಿಬಿಡುತ್ತದೆ. ಬಹಳ ಗ್ಯಾರೇಜುಗಳಲ್ಲಿ ಜಾಲರಿಯ ಕೆಲಸ ಬಿಟ್ಟುಬಿಡುತ್ತಾರೆ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಆರ್‌ನ ನಿಜವಾದ ರೂಪ ಕಾಣುವುದು ಡಿಎಸ್‌ಜಿ ಜೊತೆ. ಮ್ಯಾನುಯಲ್ ಆರ್ ಓಡಿಸಿದಾಗ ಅದರ ವೇಗ ಇತ್ತು, ಆದರೆ ಎಂಜಿನ್, ಗೇರ್‌ಬಾಕ್ಸ್ ಎರಡೂ ಸರಿಯಾಗಿ ಹೊಂದಿಕೊಂಡ ಹಾಗೆ ಅನ್ನಿಸಲಿಲ್ಲ. ಜಿಟಿಐನಲ್ಲಿ ಉಲ್ಟಾ. ಅದರ ಎಂಜಿನ್ 1,600 ಆರ್‌ಪಿಎಂ ಹೊತ್ತಿಗೇ ಪೂರ್ತಿ ಟಾರ್ಕ್ (ಎಳೆಯುವ ಬಲ) ಕೊಡುತ್ತದೆ. ಮ್ಯಾನುಯಲ್‌ನಲ್ಲಿ ಮೂರನೇ ಗೇರ್‌ನಲ್ಲಿ ಇಟ್ಟು ಊರೆಲ್ಲ ಸುತ್ತಬಹುದು, ಬೇಕೆಂದಾಗ ಎಳೆಯಬಹುದು. ನಾನು ಕಾರು ತಗೊಂಡರೆ ಬಹಳ ವರ್ಷ ಇಟ್ಟುಕೊಳ್ಳುವವನು. ವಾರಂಟಿ ಮುಗಿದ ಮೇಲೆ ಕ್ಲಚ್ ಬದಲಿಸುವುದು ಗೊತ್ತಿರುವ ಕೆಲಸ. ಹಾಗಾಗಿಯೂ ಮ್ಯಾನುಯಲ್ ನನಗೆ ಸರಿ.

ಯಾರಿಗೆ ಆರ್ ಸರಿ ಅಂತಲೂ ಹೇಳುತ್ತೇನೆ. ವರ್ಷದ ಬಹುಪಾಲು ಒದ್ದೆ ರಸ್ತೆ, ಹಿಮ ಇರುವ ಕಡೆ ಓಡಿಸುವವರಿಗೆ. ಹೆದ್ದಾರಿಯಲ್ಲಿ ದೂರದೂರ ವೇಗವಾಗಿ ಹೋಗುವವರಿಗೆ. ಡಿಎಸ್‌ಜಿಯೇ ಬೇಕು ಅನ್ನುವವರಿಗೆ. ನಾಲ್ಕು ಟೈರ್ ಒಟ್ಟಿಗೆ ಬದಲಿಸುವಾಗ ಯೋಚಿಸಬೇಕಾಗಿಲ್ಲದವರಿಗೆ. ನನ್ನ ಬಜೆಟ್‌ನಲ್ಲಿ ಸಿಗುತ್ತಿದ್ದದ್ದು ಹಳೆಯ, ಜಾಸ್ತಿ ಓಡಿದ ಆರ್. ಅಷ್ಟೇ ಹಣಕ್ಕೆ ಕಡಿಮೆ ಓಡಿದ, ಒಬ್ಬರೇ ಮಾಲೀಕರ ಜಿಟಿಐ ಪರ್ಫಾರ್ಮೆನ್ಸ್ ಸಿಕ್ಕಿತು. ಜೊತೆಗೆ ಸ್ವಲ್ಪ ಹಣವೂ ಉಳಿಯಿತು. ಅದರಲ್ಲಿ ಮೊದಲು ಒಳ್ಳೆಯ ಟೈರ್ ಹಾಕಿಸಿ, ಬ್ರೇಕ್ ಆಯಿಲ್ ಬದಲಿಸಿದೆ.

ಆರ್ ನೋಡಲು ಹೋಗುವವರು ಟೈರ್ ಗೀರುಗಳ ಆಳ ಅಳೆಯುವ ಚಿಕ್ಕ ಗೇಜ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ನಾಲ್ಕೂ ಟೈರ್ ಅಳೆಯಿರಿ, ಕಂಪನಿಯ ಹೆಸರು ನೋಡಿ, ಪಕ್ಕದ ಮೇಲೆ ಬರೆದಿರುವ ತಯಾರಿಯ ವಾರ, ವರ್ಷ ನೋಡಿ. ಹಾಲ್ಡೆಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳಿ, ಅದರಲ್ಲಿ ಪಂಪ್ ತೊಳೆದದ್ದು ಬರೆದಿದೆಯೇ ಅಂತ ಓದಿ. ಇದೆಲ್ಲ ಮುಗಿದ ಮೇಲೆ ಕೀ ಕೇಳಿ. ಮೊದಲೇ ಓಡಿಸಿದರೆ ಆ ವೇಗಕ್ಕೆ ಮನಸ್ಸು ಸೋತು ಬಗ್ಗಿ ನೋಡುವುದೇ ಮರೆತುಹೋಗುತ್ತದೆ.