ಅಮ್ಮನ ಪ್ರೊಫೈಲ್‌ನಲ್ಲಿ ಕದ್ದು ನೋಡಿದ ನಾಲ್ಕು

ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ "ಈಗ ಏನ್ ನೋಡ್ತಾ ಇದೀರ?" ಅಂತ ಕೇಳಿದರೆ ನಾನು ಒಂದು ಇಂಗ್ಲಿಷ್ ಪತ್ತೇದಾರಿ ಸರಣಿಯ ಹೆಸರು ಹೇಳುತ್ತೇನೆ. ಅದರ ಎರಡನೇ ಸಂಚಿಕೆಗೆ ನಿಂತು ಎಂಟು ತಿಂಗಳಾಯಿತು. ಕೊಲೆ ಯಾರು ಮಾಡಿದರೋ ಇನ್ನೂ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ನಿಜವಾಗಿ ನೋಡುತ್ತಿರುವುದು ನಾಗಿಣಿ. ಅದೂ ನನ್ನ ಪ್ರೊಫೈಲ್‌ನಲ್ಲಲ್ಲ, ಅಮ್ಮನದರಲ್ಲಿ. ನನ್ನದರಲ್ಲಿ ನೋಡಿದರೆ ಟಿವಿ ಹಾಕಿದ ತಕ್ಷಣ "ಮುಂದುವರಿಸಿ" ಅಂತ ಹಾವಿನ ಚಿತ್ರ ಬರುತ್ತದೆ, ಮಗಳು ಅದರ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕುತ್ತಾಳೆ.

ಇದೆಲ್ಲ ಶುರುವಾಗಿದ್ದು ಹೋದ ಮಳೆಗಾಲದಲ್ಲಿ. ಗೇಟಿನ ಮುಂದೆ ಪಾಚಿ ಮೇಲೆ ಜಾರಿ ಬಿದ್ದೆ, ಎಡಗಾಲಿಗೆ ಪ್ಲಾಸ್ಟರ್, ಆರು ವಾರ ಮಂಚ. ಆ ಆರು ವಾರದಲ್ಲಿ ನಾಲ್ಕನ್ನು ಗುಡ್ಡೆ ಹಾಕಿಕೊಂಡು ನೋಡಿದೆ: ಅಗ್ನಿಸಾಕ್ಷಿ, ನಾಗಿಣಿ, ಬಿಗ್ ಬಾಸ್ ಎಂಟನೇ ಸೀಸನ್, ಪಾಪ ಪಾಂಡು. ಯಾವುದನ್ನೂ ಪೂರ್ತಿ ಮುಗಿಸಲಿಲ್ಲ. ಅಗ್ನಿಸಾಕ್ಷಿ ಮುಗಿಸಬೇಕು ಅಂದರೆ ಇನ್ನೊಂದು ಕಾಲೂ ಮುರಿಯಬೇಕಿತ್ತು.

ಅದರಿಂದಲೇ ಶುರು ಮಾಡೋಣ. 2013ರ ಕೊನೆಗೆ ಶುರುವಾಗಿ 2020ರ ಜನವರಿಯವರೆಗೆ ಓಡಿದ ಧಾರಾವಾಹಿ. ಶುರುವಾದಾಗ ಚಾನೆಲ್ ಹೆಸರು ಈಟಿವಿ ಕನ್ನಡ, ಮುಗಿಯುವಾಗ ಕಲರ್ಸ್ ಕನ್ನಡ. ಸನ್ನಿಧಿಯಾಗಿ ವೈಷ್ಣವಿ ಗೌಡ, ಸಿದ್ಧಾರ್ಥ್ ಆಗಿ ವಿಜಯ್ ಸೂರ್ಯ. ಮನೆಯೊಳಗೇ ಕೂತು ಕತ್ತಿ ಮಸೆಯುವವಳು ಚಂದ್ರಿಕಾ. ಚಂದ್ರಿಕಾ ಎಂಥವಳು ಅಂತ ಸನ್ನಿಧಿಗೆ ಗೊತ್ತು, ನಮಗೆ ಗೊತ್ತು, ನಮ್ಮ ಪಕ್ಕದ ಮನೆಯ ಅಜ್ಜಿಗೂ ಗೊತ್ತು, ಸಿದ್ಧಾರ್ಥನಿಗೆ ಮಾತ್ರ ಗೊತ್ತಿಲ್ಲ, ಅವನಿಗೆ ಯಾವಾಗ ಗೊತ್ತಾಗುತ್ತದೆ ಅಂತಲೇ ಕರ್ನಾಟಕ ಅಷ್ಟು ವರ್ಷ ಕಾದಿತು.

ಒಂದೇ ಸಮನೆ ನೋಡಿದರೆ ಇದು ಸ್ವಲ್ಪ ಹಿಂಸೆ ಮಾರಾಯ್ರೆ. ಒಂದು ಸಂಚಿಕೆ ಇಪ್ಪತ್ತು ಚಿಲ್ಲರೆ ನಿಮಿಷ. ಮೊದಲಿಗೆ ನಿನ್ನೆಯ ಕಥೆ, ಆಮೇಲೆ ಹಾಡು. ಯಾರೋ ಏನೋ ಅಂದರು ಅಂದರೆ ಮನೆಯಲ್ಲಿರುವ ಒಬ್ಬೊಬ್ಬರ ಮುಖದ ಹತ್ತಿರಕ್ಕೂ ಕ್ಯಾಮೆರಾ ಹೋಗುತ್ತದೆ, ಹಿಂದೆ ಢಂ, ಢಂ, ಢಂ. ಮೂರನೇ ದಿನಕ್ಕೆ ನನ್ನ ಹೆಬ್ಬೆರಳು ತಾನಾಗಿಯೇ ಹತ್ತು ಸೆಕೆಂಡ್ ಮುಂದಕ್ಕೆ ಒತ್ತುವುದನ್ನು ಕಲಿಯಿತು. ಒಂದು ಸಂಚಿಕೆ ಎಂಟು ನಿಮಿಷಕ್ಕೆ ಮುಗಿಯತೊಡಗಿತು.

ಆಗ ನೆನಪಾಗಿದ್ದು ಅಮ್ಮ ಇದನ್ನು ನೋಡುತ್ತಿದ್ದ ರೀತಿ. ಅವಳು ನೋಡುತ್ತಲೇ ಇರಲಿಲ್ಲ, ಕೇಳುತ್ತಿದ್ದಳು. ಟಿವಿ ಹಾಲ್‌ನಲ್ಲಿ, ಅವಳು ಅಡುಗೆಮನೆಯಲ್ಲಿ. ಚಪಾತಿ ಲಟ್ಟಿಸುತ್ತಾ ಒಂದು ಕಿವಿ ಆ ಕಡೆ. ಮೊದಲ ಢಂ ಬಂದಾಗ ಲಟ್ಟಣಿಗೆ ನಿಲ್ಲುತ್ತಿತ್ತು. ಎರಡನೆಯದಕ್ಕೆ ಒಲೆ ಸಣ್ಣ ಮಾಡುತ್ತಿದ್ದಳು. ಮೂರನೆಯದಕ್ಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಅಷ್ಟು ಹೊತ್ತಿಗೆ ಕ್ಯಾಮೆರಾ ಇನ್ನೂ ನಾಲ್ಕನೆಯವರ ಮುಖದ ಮೇಲೆ ಇರುತ್ತಿತ್ತು, ಹಾಗಾಗಿ ಅವಳಿಗೆ ಏನೂ ತಪ್ಪುತ್ತಿರಲಿಲ್ಲ. ನಾವು ಎಳೆದಾಟ ಅಂತ ಬೈಯುತ್ತೇವಲ್ಲ, ಅದು ಚಪಾತಿ ಮಾಡುವವರಿಗೆ ಕೊಟ್ಟ ಸಮಯ. ಮಂಚದ ಮೇಲೆ ಕೆಲಸವಿಲ್ಲದೆ ಬಿದ್ದುಕೊಂಡು ನೋಡುವವನ ಲೆಕ್ಕದಲ್ಲಿ ಅದನ್ನು ಮಾಡಿಲ್ಲ. ಇದು ಹೊಳೆದ ಮೇಲೆ ಎದುರಿಗೆ ಅವರೆಕಾಯಿ ಸುಲಿಯಲು ಇಟ್ಟುಕೊಂಡು ನೋಡಿದೆ. ನಿಜವಾಗಿಯೂ ಚೆನ್ನಾಗಿತ್ತು! ಒಂದು ಸೇರು ಕಾಯಿಗೆ ಸುಮಾರು ಎರಡು ಸಂಚಿಕೆ, ಒಂದು ಸಲವೂ ಮುಂದಕ್ಕೆ ಒತ್ತಲಿಲ್ಲ.

ನಾಗಿಣಿಗೆ ಅವರೆಕಾಯಿ ಬೇಕಾಗಿಲ್ಲ. ಜೀ ಕನ್ನಡದಲ್ಲಿ 2016ರಲ್ಲಿ ಶುರುವಾದದ್ದು, ಅಮೃತಾ ಆಗಿ ದೀಪಿಕಾ ದಾಸ್, ಅರ್ಜುನ್ ಆಗಿ ದೀಕ್ಷಿತ್ ಶೆಟ್ಟಿ. ಅದೇ ದೀಕ್ಷಿತ್ ಆಮೇಲೆ ಸಿನಿಮಾಕ್ಕೆ ಹೋಗಿ ಹೆಸರು ಮಾಡಿದರು, ಆದರೆ ನಮ್ಮನೆಯಲ್ಲಿ ಇವತ್ತಿಗೂ ಅವರು "ಆ ಹಾವಿನ ಹುಡುಗಿಯ ಗಂಡ". ಕಥೆ ಏನು ದೊಡ್ಡದಲ್ಲ, ಹಾವು, ಸೇಡು, ಮಧ್ಯೆ ಪ್ರೀತಿ. ಇಲ್ಲೂ ಮುಖದಿಂದ ಮುಖಕ್ಕೆ ಕ್ಯಾಮೆರಾ ಹೋಗುತ್ತದೆ, ಇಲ್ಲೂ ಢಂ ಢಂ ಇದೆ. ಆದರೆ ಆ ಮುಖಗಳಲ್ಲಿ ಒಂದು ಯಾವ ಕ್ಷಣದಲ್ಲಾದರೂ ಹಾವಾಗಬಹುದು, ಅಲ್ವಾ? ಅದೊಂದೇ ಕಾರಣಕ್ಕೆ ಹೆಬ್ಬೆರಳು ಸುಮ್ಮನಿರುತ್ತದೆ. ಗ್ರಾಫಿಕ್ಸ್ ಬಗ್ಗೆ ನಗುವವರು ನಗಲಿ. ಹಾವು ನೆಲಕ್ಕೆ ತಾಗದೆ ಒಂದು ಬೆರಳಷ್ಟು ಮೇಲೆ ತೇಲಿಕೊಂಡು ಹೋದಂತೆ ಕಂಡಿದ್ದನ್ನು ನಾನು ಹಿಂದಕ್ಕೆ ಹಾಕಿ ಮೂರು ಸಲ ನೋಡಿದ್ದೇನೆ. ಒಳ್ಳೆ ಗ್ರಾಫಿಕ್ಸ್ ಆಗಿದ್ದರೆ ಒಂದೇ ಸಲ ನೋಡುತ್ತಿದ್ದೆ.

ಸನ್ನಿಧಿ ಕಷ್ಟಪಟ್ಟರೆ ನನಗೆ ಸಿಟ್ಟು ಬರುತ್ತದೆ, ಒಂದು ಮಾತು ಹೇಳಿಬಿಡಬಾರದಾ ಅಂತ. ಅಮೃತಾ ಕಷ್ಟಪಟ್ಟರೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಅವಳ ಹತ್ತಿರ ವಿಷ ಇದೆ. ಇಷ್ಟೇ ವ್ಯತ್ಯಾಸ, ಆದರೆ ದಿನಕ್ಕೆ ಒಂಬತ್ತು ಸಂಚಿಕೆ ನೋಡುವವನಿಗೆ ಇದು ದೊಡ್ಡ ವ್ಯತ್ಯಾಸ. ನಮ್ರತಾ ಗೌಡ ಶಿವಾನಿಯಾಗಿ ಬಂದ ನಾಗಿಣಿ 2 ಕೂಡ ಸ್ವಲ್ಪ ನೋಡಿದೆ. ಉಡುಗೆ ತೊಡುಗೆ ಜಾಸ್ತಿ, ಹುಚ್ಚು ಕಡಿಮೆ ಅನ್ನಿಸಿ ಮೊದಲನೆಯದಕ್ಕೇ ವಾಪಸ್ ಬಂದೆ.

ಬಿಗ್ ಬಾಸ್‌ಗೆ ಹೋಗಿದ್ದೂ ಈ ನಾಗಿಣಿಯರ ಬೆನ್ನು ಹತ್ತಿಯೇ. ದೀಪಿಕಾ ದಾಸ್ ಏಳನೇ ಸೀಸನ್‌ನಲ್ಲಿದ್ದರು, ನಮ್ರತಾ ಹತ್ತನೆಯದರಲ್ಲಿ, ನಮ್ಮ ಸನ್ನಿಧಿ ವೈಷ್ಣವಿ ಎಂಟನೆಯದರಲ್ಲಿ. ನಾನು ಎಂಟನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು 2021ರದ್ದು, ಕೊರೊನಾ ಎರಡನೇ ಅಲೆಯಲ್ಲಿ ಅರ್ಧಕ್ಕೆ ನಿಂತು, ಎಲ್ಲರನ್ನೂ ಮನೆಗೆ ಕಳಿಸಿ, ಜೂನ್‌ನಲ್ಲಿ ಎರಡನೇ ಇನಿಂಗ್ಸ್ ಅಂತ ಮತ್ತೆ ಶುರುವಾದ ಸೀಸನ್. ಒಳಗಿದ್ದವರು ಹೊರಗೆ ಬಂದು, ತಮ್ಮ ಬಗ್ಗೆ ಊರು ಏನು ಮಾತಾಡಿದೆ ಅಂತ ತಿಳಿದುಕೊಂಡು, ಮತ್ತೆ ಅದೇ ಮನೆಗೆ ಹೋಗುವುದು! ಮೊದಲಾರ್ಧದಲ್ಲಿ ಮನಸ್ಸಿಗೆ ಬಂದದ್ದು ಬಾಯಿಗೂ ಬರುತ್ತಿತ್ತು, ಎರಡನೇ ಅರ್ಧದಲ್ಲಿ ಒಂದೊಂದು ಮಾತನ್ನೂ ಅಳೆದು ತೂಗಿ ಬಿಡುತ್ತಿದ್ದಾರೆ ಅನ್ನಿಸಿತು. ಇದು ಬೇರೆ ಯಾವ ಧಾರಾವಾಹಿಯಲ್ಲೂ ಸಿಗುವುದಿಲ್ಲ. ಮಂಜು ಪಾವಗಡ ಗೆದ್ದಿದ್ದು, ಅರವಿಂದ್ ಕೆ.ಪಿ. ಎರಡನೆಯವರಾಗಿದ್ದು ಮೊದಲೇ ಗೊತ್ತಿದ್ದರೂ ನೋಡಿಸಿಕೊಂಡಿತು.

ಆದರೆ ಒಂದು ತೊಂದರೆ ಇದೆ. ಬಿಗ್ ಬಾಸ್ ಮೈಗೆ ಅಂಟುತ್ತದೆ. ನಾಗಿಣಿ ಒಂಬತ್ತು ಸಂಚಿಕೆ ನೋಡಿ ಎದ್ದರೆ ನಾನು ಹಾವಾಗುವುದಿಲ್ಲ. ಬಿಗ್ ಬಾಸ್ ನಾಲ್ಕು ಸಂಚಿಕೆ ನೋಡಿ ಎದ್ದರೆ, ಕಾಫಿ ಲೋಟ ತೊಳೆದಿಲ್ಲ ಅಂತ ಮನೆಯಲ್ಲಿ ಜಗಳ ತೆಗೆಯುತ್ತೇನೆ. ಒಂದು ದಿನ ಹೆಂಡತಿಗೆ "ನೀನು ಸೇಫ್ ಗೇಮ್ ಆಡ್ತಾ ಇದೀಯ" ಅಂದೆ. ಅವಳು ನನ್ನ ಊರುಗೋಲು ತೆಗೆದುಕೊಂಡು ಹೋಗಿ ಹಾಲ್‌ನಲ್ಲಿಟ್ಟಳು, ಬಾತ್‌ರೂಮಿಗೆ ಹೋಗಬೇಕಾದಾಗ ಕ್ಷಮೆ ಕೇಳಿದೆ. ಬಿಗ್ ಬಾಸ್ ನೋಡುವುದಾದರೆ ವಾರದ ಕೊನೆಯಲ್ಲಿ ಸುದೀಪ್ ಬರುವ ಸಂಚಿಕೆಗಳನ್ನು ಮಾತ್ರ ನೋಡಿ. ಇಡೀ ವಾರದ ಜಗಳದ ಸಾರ ಅದರಲ್ಲೇ ಸಿಗುತ್ತದೆ, ಪಂಚಾಯಿತಿಯೂ ಆಗಿರುತ್ತದೆ, ನಿಮ್ಮ ಮನೆಯ ಲೋಟ ನೆಮ್ಮದಿಯಿಂದಿರುತ್ತದೆ.

ಪಾಪ ಪಾಂಡು ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಹಿಕಹಿ ಚಂದ್ರು ಅವರ ಧಾರಾವಾಹಿ, ಚಿದಾನಂದ್ ಪಾಂಡು, ಶಾಲಿನಿ ಶ್ರೀಮತಿ. ಈಟಿವಿ ಕಾಲದ್ದು, ವರ್ಷಗಳಾದ ಮೇಲೆ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂತು. ನಾನು ನೋಡಿದ್ದು ಹಳೆಯದು, ಸಿಕ್ಕಿದಷ್ಟು. ಪಾಂಡು ಒಂದು ಸುಳ್ಳು ಹೇಳುತ್ತಾನೆ, ಅದನ್ನು ಮುಚ್ಚಲು ಇನ್ನೊಂದು, ಕೊನೆಗೆ ಶ್ರೀಮತಿಯಿಂದ ಏಟು. ಈಗ ನೋಡಿದರೆ ಹೊಡೆತ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಆದರೂ ನಕ್ಕೆ. ತೊಂದರೆ ಏನೆಂದರೆ ಇದನ್ನು ನೋಡಲು ನಾಚಿಕೆಯೇ ಆಗುವುದಿಲ್ಲ. ಹಾಲ್‌ನಲ್ಲಿ ದೊಡ್ಡ ಟಿವಿಯಲ್ಲಿ ಹಾಕಿದೆ, ಎಲ್ಲರೂ ಬಂದು ಕೂತರು, ಮಗಳೂ ನಕ್ಕಳು. ಕದ್ದು ತಿಂದ ಬೆಲ್ಲದ ರುಚಿ ಇದರಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಈ ಸ್ಪರ್ಧೆಯಿಂದ ಹೊರಗೆ.

ಹಾಗಾಗಿ ನನ್ನ ಲೆಕ್ಕದಲ್ಲಿ ನಾಗಿಣಿಯೇ ಮೇಲು, ಕೈಯಲ್ಲಿ ಕೆಲಸ ಇದ್ದರೆ ಅಗ್ನಿಸಾಕ್ಷಿ. ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾದವು. ಈಗಲೂ ರಾತ್ರಿ ಎಲ್ಲರೂ ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಎರಡು ಸಂಚಿಕೆ ನೋಡದೆ ನಿದ್ದೆ ಬರುವುದಿಲ್ಲ.

ಹೋದ ವಾರ ಹಾಸನದಿಂದ ಅಮ್ಮನ ಫೋನ್. ದನಿಯಲ್ಲಿ ಗಾಬರಿ.

"ಲೋ, ನನ್ನ ಫೋನಿಗೆ ಏನೋ ಆಗಿದೆ ಕಣೋ. ನಾಗಿಣಿ ನಾನು ನೂರ ಹತ್ತಕ್ಕೆ ನಿಲ್ಲಿಸಿದ್ದೆ, ಈಗ ನೋಡಿದ್ರೆ ಇನ್ನೂರ ಹನ್ನೆರಡಕ್ಕೆ ಹೋಗಿ ಕೂತಿದೆ."

"ಆಪ್ ಅಪ್‌ಡೇಟ್ ಆಗಿರಬೇಕಮ್ಮ," ಅಂದೆ.

ಸ್ವಲ್ಪ ಹೊತ್ತು ಅವಳು ಏನೂ ಮಾತಾಡಲಿಲ್ಲ. ಹಿಂದೆ ಅವಳ ಟಿವಿಯ ಢಂ, ಢಂ ಕೇಳುತ್ತಿತ್ತು.

"ಸರಿ ಬಿಡು. ಆ ಅಪ್‌ಡೇಟ್‌ಗೆ ಹೇಳು, ಮುಂದೆ ಏನಾಗತ್ತೆ ಅಂತ ನನಗೆ ಬಾಯಿ ಬಿಡಬಾರದು ಅಂತ."